ಎಸ್.ಪಿ. ರೋಡಿನಲ್ಲಿ ರ‍್ಯಾಮ್‌ಗೆ ಯಾಕಿಷ್ಟು ರೇಟು?

2025ರ ಮಧ್ಯದಲ್ಲಿ ಕಂಪ್ಯೂಟರಿಗೆ ಹಾಕುವ 16 ಜಿಬಿಯ ಒಂದು ಡಿಡಿಆರ್5 (ಅಂದರೆ ಹೊಸ ತಲೆಮಾರಿನ) ರ‍್ಯಾಮ್ ಸ್ಟಿಕ್ಕು ಹೆಚ್ಚೂಕಮ್ಮಿ 5,000 ರೂಪಾಯಿಗೆ ಸಿಗುತ್ತಿತ್ತು. ವರ್ಷ ಮುಗಿಯುವಷ್ಟರಲ್ಲಿ ಅದೇ ಸ್ಟಿಕ್ಕಿಗೆ ಮೂರು ಪಟ್ಟಿನ ಹತ್ತಿರ ಕೇಳತೊಡಗಿದರು. ಕಂಪನಿ ಅದೇ, ಸ್ಪೀಡ್ ಅದೇ, ಮೇಲೆ ಮಿನುಗುವ ಬಣ್ಣದ ಲೈಟೂ ಅದೇ. ದೀಪಾವಳಿ ಬೋನಸ್ ಬಂದ ಮೇಲೆ ಗೇಮಿಂಗ್ ಪಿಸಿ ಕಟ್ಟಿಸೋಣ ಅಂತ ಕಾದವರು, ಕೊಟೇಶನ್ ನೋಡಿ ಹಳೇ ಲ್ಯಾಪ್‌ಟಾಪಿನ ಧೂಳು ಒರೆಸಿಕೊಂಡು ಕೂತರು.

ಇಂಥ ಸುದ್ದಿ ಬಂದಾಗಲೆಲ್ಲ "ಚಿಪ್ ಶಾರ್ಟೇಜ್, ಆರು ತಿಂಗಳಲ್ಲಿ ಸರಿಹೋಗುತ್ತೆ ಬಿಡು" ಅಂತ ಹೇಳಿ ಮುಗಿಸುವುದು ನಮಗೆ ರೂಢಿ. ಈ ಸಲ ಅಷ್ಟು ಸಲೀಸಾಗಿ ಮುಗಿಯುವಂತೆ ನನಗೆ ಕಾಣುತ್ತಿಲ್ಲ. ಯಾವ ಫ್ಯಾಕ್ಟರಿಗೂ ಬೆಂಕಿ ಬಿದ್ದಿಲ್ಲ. 2011ರಲ್ಲಿ ಥಾಯ್ಲೆಂಡ್ ಪ್ರವಾಹದಲ್ಲಿ ಹಾರ್ಡ್‌ಡಿಸ್ಕ್ ಫ್ಯಾಕ್ಟರಿಗಳು ಮುಳುಗಿದ್ದವಲ್ಲ, ಅಂಥದ್ದೇನೂ ಆಗಿಲ್ಲ. ಫ್ಯಾಕ್ಟರಿಗಳು ಹಗಲೂ ರಾತ್ರಿ ಓಡುತ್ತಿವೆ. ಮಾಲು ಮಾತ್ರ ಬೇರೆ ಕಡೆ ಹೋಗುತ್ತಿದೆ. ಮನೆಗೆ ಒಂದೋ ಎರಡೋ ಸ್ಟಿಕ್ ಕೊಳ್ಳುವ ನಾವು ಸಾಲಿನ ಕೊನೆಗೆ ಹೋಗಿದ್ದೇವೆ. ನಮ್ಮನ್ನು ಮುಂದಕ್ಕೆ ಕರೆಯುವ ಅವಸರ ಸದ್ಯಕ್ಕೆ ಯಾರಿಗೂ ಇಲ್ಲ.

ಬೆಂಗಳೂರಿನಲ್ಲಿ ಇದು ಚೆನ್ನಾಗಿ ಕಾಣುವುದು ಎಸ್.ಪಿ. ರೋಡಿನ ಕೊಟೇಶನ್ ಚೀಟಿಯಲ್ಲಿ. ಟೌನ್‌ಹಾಲ್ ಕಡೆಯಿಂದ ಒಳಗೆ ನುಗ್ಗಿ, ಆ ಬೀದಿಯಲ್ಲಿ ಪಿಸಿ ಅಸೆಂಬಲ್ ಮಾಡಿಸಿದವರಿಗೆಲ್ಲ ಆ ಚೀಟಿ ಗೊತ್ತು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ ಅಂತ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ರೇಟು ಹಾಕಿ, ಟೋಟಲ್ ಹೊಡೆದು ಕೊಡುತ್ತಾರೆ. ಅದನ್ನು ಜೇಬಿಗೆ ಹಾಕಿಕೊಂಡು ಇನ್ನೂ ನಾಲ್ಕು ಅಂಗಡಿ ಸುತ್ತಿ, ವಾರ ಬಿಟ್ಟು ಬಂದರೂ ಇನ್ನೂರು ಮುನ್ನೂರು ಹೆಚ್ಚುಕಮ್ಮಿ ಆಗುತ್ತಿತ್ತು, ಅಷ್ಟೇ. ಈಗ ಎಲ್ಲದರ ಮುಂದೆ ಅಂಕಿ ಇರುತ್ತದೆ, ರ‍್ಯಾಮಿನ ಮುಂದೆ ಮಾತ್ರ ಖಾಲಿ. "ಅದು ತಗೊಳ್ಳೋ ದಿನದ ರೇಟು ಸಾರ್. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರಲ್ಲ" ಅನ್ನುತ್ತಾರೆ ಅಂಗಡಿಯವರು. ಚೌಕಾಸಿಗೆ ಇಳಿದರೆ "ಬೇರೆ ಕಡೆನೂ ವಿಚಾರಿಸಿ ಬನ್ನಿ ಅಣ್ಣ" ಅಂತ ನಗುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಹತ್ತು ಕೇಳಿದರೆ ಡಿಸ್ಟ್ರಿಬ್ಯೂಟರ್ ಎರಡು ಕಳಿಸುತ್ತಾನೆ, ಅದೂ ಹೊಸ ರೇಟಿಗೆ.

ಆ ಸ್ಟಿಕ್ಕಿನ ಮೇಲೆ ಕೂರುವ ಮೆಮೊರಿ ಚಿಪ್ಪಿಗೆ ಡಿರ‍್ಯಾಮ್ ಅನ್ನುತ್ತಾರೆ. ಅದನ್ನು ಮಾಡುವವರು ಎಷ್ಟು ಜನ ಅಂತ ನೋಡಿದರೇ ಅರ್ಧ ಕತೆ ಅರ್ಥವಾಗುತ್ತದೆ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಜಗತ್ತಿನ ಡಿರ‍್ಯಾಮ್‌ನಲ್ಲಿ ಶೇ 90ರಷ್ಟು ಈ ಮೂರು ಕಂಪನಿಗಳದ್ದೇ. ಚೀನಾದ ಸಿಎಕ್ಸ್‌ಎಂಟಿ ಬೆಳೆಯುತ್ತಿದೆ, ಆದರೆ ಇನ್ನೂ ಚಿಕ್ಕದು. ಅಂಗಡಿಯ ಗಾಜಿನ ಶೆಲ್ಫಿನಲ್ಲಿ ಕಾಣುವ ಕೋರ್ಸೇರ್, ಜಿ.ಸ್ಕಿಲ್, ಕಿಂಗ್‌ಸ್ಟನ್ ಇವರ‍್ಯಾರೂ ಡಿರ‍್ಯಾಮ್ ಚಿಪ್ ತಯಾರಿಸುವುದಿಲ್ಲ. ಚಿಪ್ ಕೊಂಡು ತಂದು, ಬೋರ್ಡಿಗೆ ಕೂರಿಸಿ, ಹೀಟ್‌ಸಿಂಕ್ ಅಂಟಿಸಿ, ತಮ್ಮ ಹೆಸರು ಹಾಕಿ ಮಾರುತ್ತಾರೆ. ಹಾಗಾಗಿ "ಈ ಬ್ರ್ಯಾಂಡ್ ದುಬಾರಿ, ಆ ಬ್ರ್ಯಾಂಡ್ ನೋಡೋಣ" ಅನ್ನುವ ಆಟ ಇಲ್ಲಿ ನಡೆಯುವುದಿಲ್ಲ. ಎಲ್ಲರೂ ನೀರು ಸೇದುವುದು ಆ ಮೂರು ಬಾವಿಗಳಿಂದಲೇ.

ಹಿಂದೆ ಇನ್ನೂ ಕೆಲವರಿದ್ದರು. ಜರ್ಮನಿಯ ಕಿಮೊಂಡಾ 2009ರಲ್ಲಿ ಮುಳುಗಿತು. ಜಪಾನಿನ ಎಲ್ಪಿಡಾ 2012ರಲ್ಲಿ ದಿವಾಳಿಯಾಯಿತು, ಮರುವರ್ಷ ಮೈಕ್ರಾನ್ ಅದನ್ನು ಕೊಂಡುಕೊಂಡಿತು. ಈ ಧಂದೆಯ ಸ್ವಭಾವವೇ ಹಾಗೆ. ಬೆಲೆ ಏರಿದಾಗ ಎಲ್ಲರೂ ಫ್ಯಾಕ್ಟರಿ ಹಾಕುತ್ತಾರೆ. ಮಾಲು ಜಾಸ್ತಿಯಾಗಿ ಬೆಲೆ ಬಿದ್ದಾಗ ಒಬ್ಬಿಬ್ಬರು ಸಾಯುತ್ತಾರೆ. ಉಳಿದವರಿಗೂ ಪೆಟ್ಟು ಬೀಳದೇ ಇರುವುದಿಲ್ಲ. 2023ರಲ್ಲಿ ಸ್ಯಾಮ್‌ಸಂಗ್‌ನ ಚಿಪ್ ವಿಭಾಗಕ್ಕೆ ಸುಮಾರು 15 ಲಕ್ಷ ಕೋಟಿ ವಾನ್ ನಷ್ಟವಾಯಿತು. ನಮ್ಮ ದುಡ್ಡಲ್ಲಿ 90,000 ಕೋಟಿ ರೂಪಾಯಿ ಆಸುಪಾಸು. ಆಗ ನಾವೆಲ್ಲ ಅಗ್ಗದ ರ‍್ಯಾಮ್ ಹಾಕಿಸಿಕೊಂಡು ಖುಷಿಯಾಗಿದ್ದೆವು. ಆ ಖುಷಿಯ ಬಿಲ್ ಕೊರಿಯಾದಲ್ಲಿ ಯಾರೋ ಕಟ್ಟುತ್ತಿದ್ದರು. ಆ ವರ್ಷ ಮೂವರೂ ಉತ್ಪಾದನೆ ಇಳಿಸಿದರು, ಹೊಸ ಫ್ಯಾಕ್ಟರಿಗೆ ದುಡ್ಡು ಹಾಕಲು ಹಿಂದೆ ಮುಂದೆ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ಎಐ ಬಂತು.

ಎನ್‌ವಿಡಿಯಾದಂಥ ಕಂಪನಿಗಳ ಎಐ ಚಿಪ್‌ಗಳಿಗೆ ನಮ್ಮ ಪಿಸಿಯ ರ‍್ಯಾಮ್ ಸಾಲದು. ಅವಕ್ಕೆ ಎಚ್‌ಬಿಎಂ ಅನ್ನುವ ಮೆಮೊರಿ ಬೇಕು. ಡಿರ‍್ಯಾಮ್ ಚಿಪ್‌ಗಳನ್ನೇ ಒಂದರ ಮೇಲೊಂದು ಪೇರಿಸಿ, ಮೇಲಿಂದ ಕೆಳಗೆ ಕೂದಲಿಗಿಂತ ಸಣ್ಣ ತೂತು ಕೊರೆದು, ಅದರೊಳಗೇ ಸಂಪರ್ಕ ಕೊಟ್ಟು, ಆ ಗಂಟನ್ನು ಜಿಪಿಯು (ಎಐ ಲೆಕ್ಕ ಮಾಡುವ ಮುಖ್ಯ ಚಿಪ್) ಪಕ್ಕದಲ್ಲೇ ಕೂರಿಸುತ್ತಾರೆ. ವೇಗ ಭಯಂಕರ. ಆದರೆ ಅಷ್ಟೇ ಜಿಬಿ ಡಿಡಿಆರ್5 ಮಾಡುವುದಕ್ಕೆ ಹೋಲಿಸಿದರೆ ಎಚ್‌ಬಿಎಂಗೆ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕು. ಇದು ಮೈಕ್ರಾನ್ ಕಂಪನಿಯೇ ಹೇಳಿರುವ ಲೆಕ್ಕ. ಅಂದರೆ ಎಐಗೆ ಹೋಗುವ ಒಂದೊಂದು ಜಿಬಿಯೂ ಪಿಸಿಗೆ, ಫೋನಿಗೆ ಬರಬೇಕಿದ್ದ ಮೂರು ಜಿಬಿಯನ್ನು ತಿಂದು ಹೋಗುತ್ತದೆ.

ಮಂಡ್ಯದ ಕಡೆ ನಾಲೆ ನೀರು ಬರುವ ಒಂದೆಕರೆ ಗದ್ದೆ ಇದೆ ಅಂದುಕೊಳ್ಳಿ. ಕಬ್ಬಿಗೆ ಹಿಂದೆಂದೂ ಕಾಣದ ರೇಟು, ಫ್ಯಾಕ್ಟರಿಯವರು ಮುಂಗಡ ದುಡ್ಡು ಹಿಡಿದು ಮನೆ ಬಾಗಿಲಿಗೆ ಬಂದಿದ್ದಾರೆ. ರಾಗಿ ಯಾರು ಹಾಕುತ್ತಾರೆ? ಕಬ್ಬು ನೀರೂ ಜಾಸ್ತಿ ಕುಡಿಯುತ್ತದೆ, ಜಾಗವನ್ನೂ ವರ್ಷಪೂರ್ತಿ ಹಿಡಿಯುತ್ತದೆ. ಮೆಮೊರಿ ಕಂಪನಿಗಳು ಮಾಡಿದ್ದೂ ಇಷ್ಟೇ. ಅದರಲ್ಲೂ ಹಳೆಯ ಡಿಡಿಆರ್4 ಅನ್ನು ನಿಲ್ಲಿಸುವ ತಯಾರಿ 2025ರಲ್ಲೇ ಶುರುವಾಯಿತು. ಅದರಿಂದ ಆ ವರ್ಷದ ಮಧ್ಯದಲ್ಲಿ ಒಂದು ತಮಾಷೆ ನಡೆಯಿತು. ಹಳೇ ಡಿಡಿಆರ್4 ಚಿಪ್ಪಿನ ಬೆಲೆ ಹೊಸ ಡಿಡಿಆರ್5 ಚಿಪ್ಪನ್ನೇ ಮೀರಿಸಿತು.

ಇದೆಲ್ಲ ಎಚ್‌ಬಿಎಂ ಪುರಾಣ, ನಮ್ಮ ಫೋನಿಗೇನು ಸಂಬಂಧ ಅನ್ನಬಹುದು. ಸಂಬಂಧ ಇದೆ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಅನ್ನುವ ಸರ್ವರ್ ರ‍್ಯಾಕ್ ತಗೊಳ್ಳಿ. ಬಟ್ಟೆ ಬೀರುವಿನಷ್ಟು ಎತ್ತರದ ಒಂದು ಡಬ್ಬ. ಅದರಲ್ಲಿ 72 ಜಿಪಿಯು, 36 ಸಿಪಿಯು. ಆ ಸಿಪಿಯುಗಳು ಬಳಸುವುದು ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿಯನ್ನು, ಅಂದರೆ ನಮ್ಮ ಒಳ್ಳೆಯ ಫೋನುಗಳಲ್ಲಿ ಇರುವಂಥದ್ದನ್ನೇ. ಒಂದೊಂದು ಸಿಪಿಯುಗೂ 480 ಜಿಬಿ. 36ರಿಂದ ಗುಣಿಸಿ, 12 ಜಿಬಿಯ ಫೋನುಗಳಿಗೆ ಹಂಚಿದರೆ 1,440 ಫೋನುಗಳ ರ‍್ಯಾಮ್ ಆಗುತ್ತದೆ. ಒಂದು ರ‍್ಯಾಕಿಗೆ! ಎಚ್‌ಬಿಎಂ ಲೆಕ್ಕ ಬೇರೆ. ಇಂಥ ರ‍್ಯಾಕುಗಳನ್ನು ಕಂಪನಿಗಳು ಸಾವಿರಗಟ್ಟಲೆ ಕೊಳ್ಳುತ್ತಿವೆ.

ಬೆಂಕಿಗೆ ತುಪ್ಪ ಸುರಿದದ್ದು 2025ರ ಅಕ್ಟೋಬರ್. ತನ್ನ ಸ್ಟಾರ್‌ಗೇಟ್ ಡೇಟಾ ಸೆಂಟರುಗಳಿಗಾಗಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಎರಡರ ಜತೆಗೂ ಒಪ್ಪಂದದ ಮಾತಾಡಿತು. ತಿಂಗಳಿಗೆ 9 ಲಕ್ಷ ಡಿರ‍್ಯಾಮ್ ವೇಫರ್ (ಚಿಪ್ ಕತ್ತರಿಸುವ ಸಿಲಿಕಾನ್ ತಟ್ಟೆ) ತಲುಪುವ ಗುರಿ ಅಂತ ಹೇಳಿಕೊಂಡಿತು. ಅದು ಜಗತ್ತಿನ ಒಟ್ಟು ಉತ್ಪಾದನೆಯ ಶೇ 40ರ ಹತ್ತಿರ ಅನ್ನುವ ಅಂದಾಜು ಎಲ್ಲ ಕಡೆ ಓಡಾಡಿತು. ಗುರಿ ಅನ್ನುವುದನ್ನು ಗಮನಿಸಿ. ದುಡ್ಡು ಕೊಟ್ಟು ಬಿಲ್ ಹಾಕಿಸಿದ್ದಲ್ಲ. ಅಷ್ಟು ವಿದ್ಯುತ್ ಎಲ್ಲಿಂದ ತರುತ್ತಾರೆ, ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ ಅಂತ ನನಗಂತೂ ಅನುಮಾನ ಇದೆ. ಆದರೆ ಮಾರುಕಟ್ಟೆಗೆ ಗುರಿಯೇ ಸಾಕು. ಮಿಕ್ಕವರೆಲ್ಲ "ನಮಗೆ ಸಿಗದೇ ಹೋದರೆ" ಅಂತ ಹೆದರಿ ಸ್ಟಾಕ್ ಮಾಡಲು ನಿಂತರು. ಅಮೆರಿಕದಲ್ಲಿ 100 ಡಾಲರ್ ಆಸುಪಾಸಿನಲ್ಲಿದ್ದ 32 ಜಿಬಿ ಕಿಟ್ ಡಿಸೆಂಬರ್ ಹೊತ್ತಿಗೆ 300 ಡಾಲರ್ ದಾಟಿತು.

ಅದೇ ಡಿಸೆಂಬರ್ 3ರಂದು ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನು ನಿಲ್ಲಿಸುವುದಾಗಿ ಹೇಳಿತು. ಕ್ರೂಶಿಯಲ್ ಅಂದರೆ ಹೊಳೆಯುವ ಲೈಟಿಲ್ಲದ, ಸುಮ್ನೆ ಹಾಕಿ ಮರೆತುಬಿಡುವಂಥ ಹಸಿರು ಬೋರ್ಡಿನ ರ‍್ಯಾಮ್. ಲ್ಯಾಪ್‌ಟಾಪಿಗೆ ಇನ್ನೊಂದು 8 ಜಿಬಿ ಸೇರಿಸೋಣ ಅಂದಾಗ ಅಂಗಡಿಯವರು ಮೊದಲು ತೆಗೆದುಕೊಡುತ್ತಿದ್ದುದು ಅದನ್ನೇ. 29 ವರ್ಷದ ವ್ಯಾಪಾರ, ಅದೂ ನಷ್ಟ ಅಂತ ಮುಚ್ಚಿದ್ದಲ್ಲ. ಡೇಟಾ ಸೆಂಟರಿನ ದೊಡ್ಡ ಗಿರಾಕಿಗಳಿಗೆ ಮಾಲು ಒದಗಿಸಬೇಕು, ಅದಕ್ಕೇ ಇದನ್ನು ಬಿಡುತ್ತೇವೆ ಅಂತ ಕಂಪನಿ ಬಾಯಿಬಿಟ್ಟೇ ಹೇಳಿತು. ಈ ಇಡೀ ಗಲಾಟೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಸುದ್ದಿಯೇ. ಬೆಲೆ ಏರುತ್ತದೆ, ಇಳಿಯುತ್ತದೆ. ಬಿಡಿ ಗಿರಾಕಿಯೇ ಬೇಡ ಅಂತ ಅಂಗಡಿ ಮುಚ್ಚುವುದು ಬೇರೆ ವಿಷಯ.

ಮೂರೇ ಕಂಪನಿ ಅಂದ ಮೇಲೆ ಒಳಗೊಳಗೇ ಮಾತಾಡಿಕೊಂಡಿರಬಹುದಾ ಅನ್ನುವ ಪ್ರಶ್ನೆ ಬರುತ್ತದೆ. ಇವರ ಚರಿತ್ರೆ ಅಷ್ಟೇನೂ ಚೊಕ್ಕ ಇಲ್ಲ. ಡಿರ‍್ಯಾಮ್ ಬೆಲೆಯನ್ನು ಕೂಡಿ ನಿಗದಿ ಮಾಡಿದ್ದಕ್ಕೆ 2005ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ದಂಡ ಕಟ್ಟಿತ್ತು. ಹೈನಿಕ್ಸ್ 18.5 ಕೋಟಿ ಡಾಲರ್ ಕಟ್ಟಿತ್ತು. ಮೈಕ್ರಾನ್ ತನಿಖೆಗೆ ಸಹಕರಿಸಿ ದಂಡದಿಂದ ಪಾರಾಗಿತ್ತು. ಆದರೆ ಈ ಸಲ ಬೆಲೆ ಏರಿಸಲು ಗುಟ್ಟಾಗಿ ಕೂತು ಮಾತಾಡಬೇಕಾದ ಅಗತ್ಯವೇ ಕಾಣುವುದಿಲ್ಲ. ಗಿರಾಕಿಯೇ ಚೆಕ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಹೊಸ ಫ್ಯಾಕ್ಟರಿ ಕಟ್ಟುವುದರಲ್ಲಿ ಎಷ್ಟು ನಿಧಾನ ಮಾಡುತ್ತಾರೆ ಅನ್ನುವುದರ ಮೇಲೆ ಮಾತ್ರ ಕಣ್ಣಿಡಬೇಕು. ಅಮೆರಿಕದ ಇಡಾಹೊದಲ್ಲಿ ಮೈಕ್ರಾನ್ ಕಟ್ಟುತ್ತಿರುವ ಫ್ಯಾಕ್ಟರಿಯಿಂದ ಮೊದಲ ವೇಫರ್ ಬರುವುದು 2027ರಲ್ಲಿ. ಅಲ್ಲಿಂದ ಪೂರ್ತಿ ವೇಗಕ್ಕೆ ಬರಲು ಇನ್ನೂ ಸಮಯ ಹಿಡಿಯುತ್ತದೆ.

"ಎಐ ಗುಳ್ಳೆ ಒಡೆಯಲಿ, ಆಗ ಎಲ್ಲಾ ಮಾಲು ಸೆಕೆಂಡ್ ಹ್ಯಾಂಡ್ ಆಗಿ ಎಸ್.ಪಿ. ರೋಡಿಗೇ ಬರುತ್ತೆ" ಅನ್ನುವ ಗೆಳೆಯರಿದ್ದಾರೆ. ಅವರ ಮನಸ್ಸಿನಲ್ಲಿರುವುದು ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ ಡಿಜಿಟಲ್ ನಾಣ್ಯ ಗಳಿಸುತ್ತಿದ್ದ ಕ್ರಿಪ್ಟೊ ಮೈನಿಂಗ್ ಕಾಲ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಮೈನ್ ಮಾಡುವುದು ನಿಂತುಹೋಯಿತು. ಮೈನಿಂಗ್ ಮಾಡಿ ಸುಸ್ತಾದ ಕಾರ್ಡುಗಳು ಅಗ್ಗವಾಗಿ ಬೀದಿಗೆ ಬಂದವು. ನಿಜ. ಆದರೆ ಅವು ನಮ್ಮ ಪಿಸಿಗೆ ಹೊಂದುವ ಕಾರ್ಡುಗಳೇ ಆಗಿದ್ದವು. ಎಚ್‌ಬಿಎಂ ಹಾಗಲ್ಲ. ಅದು ಜಿಪಿಯು ಪಕ್ಕದಲ್ಲೇ ಅಂಟಿಕೊಂಡಿರುತ್ತದೆ, ಕಿತ್ತು ನಮ್ಮ ಮದರ್‌ಬೋರ್ಡಿಗೆ ಹಾಕಲು ಬರುವುದಿಲ್ಲ. ಸರ್ವರಿನ ಡಿಡಿಆರ್5 ಸ್ಟಿಕ್ಕುಗಳೂ ಮನೆಯ ಬೋರ್ಡಿಗೆ ಕೂರುವುದಿಲ್ಲ. ಗುಳ್ಳೆ ಒಡೆದರೆ ಫ್ಯಾಕ್ಟರಿಗಳು ಮತ್ತೆ ನಮ್ಮ ಕಡೆ ತಿರುಗಬಹುದು, ಆಗ ಬೆಲೆ ಇಳಿಯಬಹುದು. ಗುಜರಿಯಿಂದ ಲಾಟರಿ ಹೊಡೆಯುವ ಆಸೆ ಮಾತ್ರ ಬೇಡ.

ಗೇಮಿಂಗ್ ಪಿಸಿ ಕಟ್ಟಿಸುವವನ ಗೋಳು ಎಲ್ಲರಿಗೂ ಕೇಳಿಸುತ್ತದೆ, ಯಾಕೆಂದರೆ ನಾವು ಜೋರಾಗಿ ಕೂಗುತ್ತೇವೆ. ಪೆಟ್ಟು ಜಾಸ್ತಿ ಬೀಳುವುದು ಬೇರೆಯವರಿಗೆ. ಒಂದೂವರೆ ಲಕ್ಷದ ಪಿಸಿಯಲ್ಲಿ ರ‍್ಯಾಮ್ ಹತ್ತು ಸಾವಿರ ಏರಿದರೆ ಬೈದುಕೊಂಡು ಕೊಡಬಹುದು. 12,000 ರೂಪಾಯಿಯ ಫೋನಿನಲ್ಲಿ ಮೆಮೊರಿ ಖರ್ಚು ಏರಿದರೆ ಕಂಪನಿಗೆ ಎರಡೇ ದಾರಿ. ಬೆಲೆ ಏರಿಸಬೇಕು, ಇಲ್ಲವೇ ರ‍್ಯಾಮ್ ಇಳಿಸಬೇಕು. ಬೆಲೆ ಏರಿಸಿದರೆ ಎಲ್ಲರಿಗೂ ಕಾಣುತ್ತದೆ. ರ‍್ಯಾಮ್ ಇಳಿಸಿದರೆ ಅಷ್ಟಾಗಿ ಕಾಣುವುದಿಲ್ಲ.

ಕಾಣದಂತೆ ಮಾಡುವ ಉಪಾಯವೂ ರೆಡಿ ಇದೆ. ಫೋನಿನ ಡಬ್ಬದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ‘8 ಜಿಬಿ + 8 ಜಿಬಿ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಕೆಲವು ಕಡೆ ನೇರವಾಗಿ ‘16 ಜಿಬಿ’ ಅಂತ ಹಾಕಿ, ಪಕ್ಕದಲ್ಲಿ ಒಂದು ನಕ್ಷತ್ರ ಇಟ್ಟಿರುತ್ತಾರೆ. ಆ ನಕ್ಷತ್ರದ ಅರ್ಥ ಡಬ್ಬದ ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿದೆ. ಎರಡನೇ 8 ಜಿಬಿ ‘ವರ್ಚುವಲ್ ರ‍್ಯಾಮ್’. ಅಂದರೆ ಫೋಟೊ, ವಿಡಿಯೊ ಇಡುವ ಸ್ಟೋರೇಜಿನಲ್ಲೇ ಒಂದಷ್ಟು ಜಾಗ ಬಿಟ್ಟುಕೊಂಡು ರ‍್ಯಾಮಿನ ಹಾಗೆ ಬಳಸುವುದು. ಅದರಿಂದ ಉಪಯೋಗವೇ ಇಲ್ಲ ಅಂತಲ್ಲ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಅತ್ತ ದೂಡಿ ಇಡಬಹುದು. ಆದರೆ ಸ್ಟೋರೇಜಿನ ವೇಗ ರ‍್ಯಾಮಿನ ವೇಗದ ಹತ್ತಿರವೂ ಬರುವುದಿಲ್ಲ. 4 ಜಿಬಿ ಫೋನಿಗೆ ಇನ್ನೊಂದು 4 ಜಿಬಿ ವರ್ಚುವಲ್ ಸೇರಿಸಿ 8 ಜಿಬಿ ಅಂತ ಮಾರುವುದು ನನ್ನ ಪ್ರಕಾರ ಮೋಸಕ್ಕೆ ತೀರಾ ಹತ್ತಿರದ ವ್ಯಾಪಾರ. ಊರಲ್ಲಿರುವ ಅಮ್ಮನಿಗೋ ತಂಗಿಗೋ ಫೋನ್ ಕಳಿಸುವವರು ಆ ಪ್ಲಸ್ ಗುರುತಿನ ಎಡಗಡೆ ಏನಿದೆ ಅಂತಷ್ಟೇ ನೋಡಿ.

ಲ್ಯಾಪ್‌ಟಾಪಿನದು ಇನ್ನೊಂದು ತರಲೆ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಈಗ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಇವತ್ತು ದುಡ್ಡು ಸಾಲದೆ 8 ಜಿಬಿ ತಗೊಂಡರೆ ಆ ಲ್ಯಾಪ್‌ಟಾಪ್ ಸಾಯುವವರೆಗೂ 8 ಜಿಬಿಯೇ. 2024ರಲ್ಲಿ ಮೈಕ್ರೊಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಅನ್ನುವ ಎಐ ಪಿಸಿಗೆ ಕನಿಷ್ಠ 16 ಜಿಬಿ ಬೇಕು ಅಂತು. ಆ್ಯಪಲ್ ಕೂಡ ಅದೇ ವರ್ಷ ಹೊಸ ಮ್ಯಾಕ್‌ಗಳನ್ನು 16 ಜಿಬಿಯಿಂದ ಶುರುಮಾಡಿತು. 8 ಜಿಬಿ ಕಾಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಗಾಡಿ ರಿವರ್ಸ್ ಗೇರಿಗೆ ಬಿದ್ದಿದೆ. ಇಂಜಿನಿಯರಿಂಗ್ ಸೇರುವ ಮಗಳಿಗೆ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಪ್ರೊಸೆಸರಿನ ಹೆಸರು ಆಮೇಲೆ ಕೇಳಿ. ಖಾಲಿ ರ‍್ಯಾಮ್ ಸ್ಲಾಟ್ ಇದೆಯಾ ಅಂತ ಮೊದಲು ಕೇಳಿ.

ಈ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಇಲ್ಲಿ ರೀಫರ್ಬಿಷ್ಡ್ ಆಗಿ ಧಾರಾಳವಾಗಿ ಸಿಗುತ್ತವೆ. ಥಿಂಕ್‌ಪ್ಯಾಡ್ ಟಿ480 ಒಂದು ಉದಾಹರಣೆ. 2018ರ ಮಾಡೆಲ್, ಎರಡು ಡಿಡಿಆರ್4 ಸ್ಲಾಟ್, ಹೆಚ್ಚಿನವು ಇಂಟೆಲ್ 8ನೇ ಜನರೇಶನ್. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ 8ನೇ ಜನರೇಶನ್ನಿನಿಂದ ಈಚೆಯದನ್ನು. ಹಾಗಾಗಿ ಇದು ಕೂದಲೆಳೆಯಲ್ಲಿ ಪಾಸಾಗುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ಟಿ480ಎಸ್ ಅಂದರೆ ಒಂದು ರ‍್ಯಾಮ್ ಬೆಸೆದದ್ದು, ಒಂದೇ ಸ್ಲಾಟ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿದೆ. ಅದಕ್ಕೇ 6ನೇ, 7ನೇ ಜನರೇಶನ್ ಲ್ಯಾಪ್‌ಟಾಪುಗಳು ತೀರಾ ಅಗ್ಗಕ್ಕೆ ಸಿಗುತ್ತವೆ. ತಗೊಂಡರೆ ಲಿನಕ್ಸ್ ಹಾಕಿಕೊಳ್ಳಬೇಕು. ಹಾಕಿಕೊಡುವ ಗೆಳೆಯ ಪ್ರತಿ ಬಳಗದಲ್ಲೂ ಒಬ್ಬ ಇರುತ್ತಾನೆ, ಬೇಡ ಅಂದರೂ ಬಿಡುವುದಿಲ್ಲ.

ಇನ್ನು ಗೇಮ್ ಕಡೆ. ಸಾಮಾನ್ಯವಾಗಿ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಹಳೆಯದಾದಷ್ಟೂ ಅಗ್ಗವಾಗಬೇಕು. 2025ರಲ್ಲಿ ಅಮೆರಿಕದಲ್ಲಿ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಎರಡೂ ದುಬಾರಿಯಾದವು, ಅದೂ ಈ ರ‍್ಯಾಮ್ ಗಲಾಟೆ ಜೋರಾಗುವ ಮೊದಲೇ. ವಾಲ್ವ್ ಕಂಪನಿ ನವೆಂಬರಿನಲ್ಲಿ 16 ಜಿಬಿಯ ಸ್ಟೀಮ್ ಮಷೀನ್ ಅನ್ನುವ ಗೇಮಿಂಗ್ ಡಬ್ಬ ತೋರಿಸಿತು, ಆಗ ಬೆಲೆ ಮಾತ್ರ ಹೇಳಲಿಲ್ಲ. ನಮ್ಮಲ್ಲಿ ಅದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ಕನ್ನೇ ಅಧಿಕೃತವಾಗಿ ಮಾರಿಲ್ಲ, ಹಾಗಾಗಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಎಲ್ಲರೂ ಕಾಯುತ್ತಿರುವ ಜಿಟಿಎ 6 ಅನ್ನು 2026ರ ನವೆಂಬರ್ 19ಕ್ಕೆ ಘೋಷಿಸಿದ್ದು ಕನ್ಸೋಲುಗಳಿಗೆ ಮಾತ್ರ, ಪಿಸಿಗಲ್ಲ. ಅದಕ್ಕೋಸ್ಕರ ಈಗಲೇ ಪಿಸಿ ಕಟ್ಟಿಸುತ್ತೇನೆ ಅನ್ನುವವರು ಆ ದುಡ್ಡನ್ನು ಎಫ್‌ಡಿಯಲ್ಲಿ ಇಡಿ.

ಇದರ ಮಧ್ಯೆ 2025ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೆ ಬಂತು. ಪಿಸಿ ಬೇಡ, ಕನ್ಸೋಲ್ ಬೇಡ, ತಿಂಗಳ ದುಡ್ಡು ಕಟ್ಟಿ, ಗೇಮ್ ನಮ್ಮ ಸರ್ವರಿನಲ್ಲಿ ಓಡುತ್ತೆ, ನೀವು ಟಿವಿಯಲ್ಲೋ ಫೋನಿನಲ್ಲೋ ಆಡಿ ಅನ್ನುವ ಲೆಕ್ಕ. ಫೈಬರ್ ಇರುವ ಮನೆಗಳಲ್ಲಿ ಕತೆ ಇರುವ ನಿಧಾನದ ಗೇಮುಗಳಿಗೆ ಸಾಕು. ಶೂಟಿಂಗ್ ಗೇಮ್ ಆಡುವವರಿಗೆ ಬೆರಳಿಗೂ ಪರದೆಗೂ ನಡುವಿನ ಆ ಚಿಕ್ಕ ತಡ ಗೊತ್ತಾಗಿಬಿಡುತ್ತದೆ. ನಮಗೆ ಸಿಗದ ಮೆಮೊರಿ ಡೇಟಾ ಸೆಂಟರಿಗೆ ಹೋಗಿ, ಅಲ್ಲಿಂದ ನಮಗೇ ಬಾಡಿಗೆಗೆ ಬರುತ್ತಿದೆ ಅನ್ನುವುದು ಕುಹಕ ಅನ್ನಿಸಬಹುದು. ಆದರೆ ಕಂಪನಿಗಳ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಹೇಳಲೇಬೇಕಾದ ಇನ್ನೊಂದು ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಚಿಪ್ ಡಿಸೈನ್ ಈ ಊರಿನ ಕೆಲಸ. ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಆರ್ ಅಂಡ್ ಡಿ ಕೇಂದ್ರವೂ ಇಲ್ಲಿದೆ. ಆದರೆ ಡಿರ‍್ಯಾಮ್ ವೇಫರ್ ತಯಾರಿಸುವ ಫ್ಯಾಕ್ಟರಿ ಈ ದೇಶದಲ್ಲಿ ಎಲ್ಲೂ ಇಲ್ಲ. ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ 2023ರಲ್ಲಿ ಘೋಷಿಸಿದ ಘಟಕ ಬೇರೆ ಕಡೆಯಿಂದ ಬಂದ ಚಿಪ್ಪನ್ನು ಪ್ಯಾಕ್ ಮಾಡಿ ಟೆಸ್ಟ್ ಮಾಡುವಂಥದ್ದು. ಅದರಿಂದ ಕೆಲಸ ಹುಟ್ಟುತ್ತದೆ, ಒಳ್ಳೆಯದೇ. ರ‍್ಯಾಮ್ ಅಗ್ಗವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಕೊಳ್ಳಲೇಬೇಕು ಅನ್ನುವವರಿಗೆ ನನ್ನ ಸಲಹೆ ಸರಳ. 32 ಜಿಬಿ ಆಸೆ ಬಿಟ್ಟು 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಪಕ್ಕದ ಸ್ಲಾಟ್ ಖಾಲಿ ಇರಲಿ. ಒಂದೇ ಸ್ಟಿಕ್ ಆದರೆ ಗೇಮ್ ಸ್ವಲ್ಪ ನಿಧಾನ ಆಗುತ್ತದೆ, ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ. ಸಹಿಸಿಕೊಳ್ಳಬಹುದು. ಜಿಎಸ್‌ಟಿ ಉಳಿಸೋಣ ಅಂತ ಬಿಲ್ ಬಿಡಬೇಡಿ. ಎಷ್ಟೋ ರ‍್ಯಾಮ್‌ಗಳಿಗೆ ಲೈಫ್‌ಟೈಮ್ ವಾರಂಟಿ ಇರುತ್ತದೆ, ಕೇಳಿಕೊಂಡು ಹೋದಾಗ ಬಿಲ್ ತೋರಿಸಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಅಂಗಡಿಯಲ್ಲೇ ಪಿಸಿಗೆ ಹಾಕಿಸಿ, ಸಿಪಿಯು-ಝಡ್ ಅನ್ನುವ ಪ್ರೋಗ್ರಾಂ ತೆರೆದು ಜಿಬಿ, ಸ್ಪೀಡ್ ಸ್ಟಿಕ್ಕರಿನ ಮೇಲೆ ಇರುವಂತೆಯೇ ಬರುತ್ತಿದೆಯಾ ನೋಡಿ. ಮನೆಗೆ ಬಂದು ಒಂದು ರಾತ್ರಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಮತ್ತೆ, ಇನ್ನು ಮುಂದೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡುವ ಮುಂಚೆ ಹಿಂದಿನ ಮುಚ್ಚಳ ಬಿಚ್ಚಿಸಿ, ಒಳಗಿರುವ ರ‍್ಯಾಮ್ ಸ್ಟಿಕ್ಕಿನ ಸೀರಿಯಲ್ ನಂಬರು ಕಾಣುವ ಹಾಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.